ಏಳು ದಿನಕ್ಕೆ ಅಳಿಸಿಹೋದ ಮಾತು

ಹೊಳೆಗೆ ಸೇತುವೆ ಬರುವ ಮೊದಲು ಆ ಆಶ್ರಮಕ್ಕೆ ದೋಣಿಯಲ್ಲೇ ಹೋಗಬೇಕಿತ್ತು. ದೋಣಿ ಅಂಬಿಗರ ದುರುಗಪ್ಪನದು. ಅಕ್ಕಿ ಮೂಟೆ, ಶಾಲೆಯ ಮೇಷ್ಟ್ರು, ದಾನಕ್ಕೆ ಬಂದ ಎಮ್ಮೆಕರು, ಎಲ್ಲ ಅವನ ದೋಣಿಯಲ್ಲೇ ಈ ದಡ ಸೇರಿದ್ದು.

ಶಿಷ್ಯ ಕೊಟ್ರೇಶನೂ ಹಾಗೆ ಬಂದವನೇ. ಮನೆ ಬಿಟ್ಟು ಬಂದ ಸಂಕಟಕ್ಕೆ ಅಳುತ್ತಿದ್ದವನ ಕೈಗೆ ದುರುಗಪ್ಪ ಹುಟ್ಟು ಕೊಟ್ಟು, "ಅಳಾದು ಆ ದಡದಾಗೆ ಅಳುವಂತಿ, ಮೊದ್ಲು ಹುಟ್ಟು ಹಾಕು" ಎಂದಿದ್ದ. ಆಶ್ರಮದ ದಡ ಮುಟ್ಟುವ ಹೊತ್ತಿಗೆ ಕೊಟ್ರೇಶನಿಗೆ ಅಳು ಮರೆತೇಹೋಗಿತ್ತು.

ಎಂಥ ಕಾಲ ಅದು! ಆಶ್ರಮದ ಮಾತುಕತೆಯೆಲ್ಲ ಬೇವಿನ ಕಟ್ಟೆಯ ಮೇಲೆ. ಒಂದು ಮಾತು ತೀರ್ಮಾನವಾಯಿತೆಂದರೆ ಗುರುಗಳು, ಅಂದರೆ ಎಲ್ಲರ ಬಾಯಲ್ಲಿ ಅಜ್ಜಾರು, ಯಾರನ್ನಾದರೂ ಎಬ್ಬಿಸಿ, "ಏನು ಮಾತಾತು, ಇನ್ನೊಮ್ಮೆ ಹೇಳು" ಎನ್ನುತ್ತಿದ್ದರು. ಎದ್ದವರು ಹೇಳಿದ ಮೇಲೆ ಎಲ್ಲರ ಬಾಯಿಗೂ ಒಂದೊಂದು ಚೂರು ಬೆಲ್ಲ.

ಈಗ ಕಟ್ಟೆಯ ಮೇಲೆ ಕೂರುವವರಿಲ್ಲ. ಶಾಲೆಯದು, ತೋಟದ್ದು, ಅಡುಗೆಮನೆಯದು, ಎಲ್ಲ ಮಾತೂ ಮೊಬೈಲಿನ ಗ್ರೂಪಿನಲ್ಲಿ. ಒಪ್ಪಿಗೆ ಅಂದರೆ ಒಂದು ಹೆಬ್ಬೆರಳಿನ ಚಿತ್ರ. ಅಜ್ಜಾರ ಹತ್ತಿರ ಫೋನಿಲ್ಲ. ಗ್ರೂಪಿನ ಉಸ್ತುವಾರಿಯೆಲ್ಲ ಕೊಟ್ರೇಶನದೇ.

ಕೆಲಸದ ಮಾತಿಗಿಂತ ಅಲ್ಲಿ ಶುಭೋದಯದ ಗುಲಾಬಿ ಹೂಗಳೇ ಹೆಚ್ಚು. ಜತೆಗೆ ದೇವರ ಫೋಟೊ, ಮನೆಮದ್ದಿನ ವಿಡಿಯೊ. ಫೋನು ತುಂಬಿ ತುಳುಕಿತು. ರೋಸಿಹೋದ ಕೊಟ್ರೇಶ ಒಂದು ದಿನ ಸೆಟ್ಟಿಂಗ್ ಬದಲಿಸಿದ. ಏನೇ ಬಂದರೂ ಏಳು ದಿನಕ್ಕೆ ತಾನಾಗಿ ಅಳಿಸಿಹೋಗಬೇಕು.

ಪೀಡೆ ತೊಲಗಿತು ಎಂದುಕೊಂಡ. ಪೀಡೆಯ ಜತೆ ದುರುಗಪ್ಪನಿಗೆ ಕೊಟ್ಟ ಮಾತೂ ತೊಲಗಿದ್ದು ಅವನಿಗೆ ಗೊತ್ತಾದದ್ದು ತಡವಾಗಿ.

ಆದದ್ದು ಇಷ್ಟು. ಸೇತುವೆ ಬಂದ ಮೇಲೆ ದೋಣಿಗೆ ಜನವಿಲ್ಲ. ಸೆಟ್ಟಿಂಗ್ ಬದಲಿಸಿದ ವಾರದಲ್ಲೇ, ಅಜ್ಜಾರು ಹೇಳಿದಂತೆ ಕೊಟ್ರೇಶ ಗ್ರೂಪಿನಲ್ಲಿ ಕೇಳಿದ್ದ: ಆಶ್ರಮದ ಹೊಳೆದಂಡೆಯ ಕೋಣೆಯಲ್ಲಿ ದುರುಗಪ್ಪ ಕೊನೆಯವರೆಗೂ ಇರಬಹುದೇ? ಎಲ್ಲರೂ ಹೆಬ್ಬೆರಳು ಒತ್ತಿದರು. ಕೊಟ್ರೇಶ ತಾನೇ ಹೋಗಿ ದುರುಗಪ್ಪನಿಗೆ ತಿಳಿಸಿ ಬಂದ.

ಈಗ ಆಶ್ರಮದ ಕಟ್ಟಡದ ಕೆಲಸ ನೋಡುವ ಪಾಲಾಕ್ಷಪ್ಪ ಆ ಕೋಣೆ ಕೆಡವಿ ಭಕ್ತರಿಗೆ ಸ್ನಾನದ ಮನೆ ಕಟ್ಟಿಸಲು ಹೊರಟಿದ್ದರು. ಮುಂದಿನ ಸೋಮವಾರವೇ ಕೆಲಸ ಶುರು.

"ಎಲ್ಲಾರೂ ಒಪ್ಪಿದ್ರಲ್ರೀ," ಎಂದ ಕೊಟ್ರೇಶ.

"ಎಲ್ಲೈತಪ್ಪಾ? ತೋರ್ಸು, ನಾ ಬ್ಯಾಡ ಅನ್ನಲ್ಲ."

ಕೊಟ್ರೇಶ ಫೋನು ಉಜ್ಜಿದ್ದೇ ಉಜ್ಜಿದ್ದು. ಏನೂ ಸಿಗಲಿಲ್ಲ. ಉಳಿದವರನ್ನು ಕೇಳಿದರೆ, "ಒತ್ತಿರಬೌದು ಮಾರಾಯ, ದಿನಾ ಎಷ್ಟಕ್ಕೋ ಒತ್ತತೀವಿ" ಎಂದರು.

ಅವನು ಅಜ್ಜಾರ ಬಳಿಗೆ ಓಡಿದ. ಅವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು.

"ನೀವೇ ಒಂದು ಮಾತು ಹೇಳ್ಬಿಡ್ರಿ ಅಜ್ಜಾರೇ. ಯಾರೂ ಎದುರಾಡಲ್ಲ."

"ಹೇಳ್ತೀನಿ. ನಾ ಹೋದ ಮ್ಯಾಲೆ ಯಾರು ಹೇಳ್ತಾರೆ?"

ಕೊಟ್ರೇಶ ಕೈಲಿದ್ದ ಫೋನು ನೋಡಿದ. "ಈ ಫೋನೇ ಬ್ಯಾಡ್ರಿ. ಹೊಳಿಗೆ ಒಗೆದು ಮತ್ತೆ ಬೇವಿನ ಕಟ್ಟಿಗೆ ಹೋಗಣ. ಆಗ ಆಡಿದ ಮಾತು ಹಿಂಗೆ ಮಾಯ ಆಗ್ತಿದ್ದಿಲ್ಲ" ಎಂದ.

ಅಜ್ಜಾರು ನಕ್ಕರು. "ಕಟ್ಟಿ ಮ್ಯಾಲೆ ಆಡಿದ್ದರಾಗೆ ಅರ್ಧ ಮರ್ತೀವಿ. ಇನ್ನರ್ಧ ನಮಗೆ ಬೇಕಾದಂಗೆ ನೆನಪಿಟ್ಕಂಡೀವಿ."

"ಹಂಗಾರೆ ಎಲ್ಲಾನೂ ಇಟ್ಕಂಡಿರಬೇಕೇನ್ರಿ? ಆ ಗುಲಾಬಿ ಹೂವನ್ನೂ?"

"ಊಟದ ಹೊತ್ತಾತು, ಏಳು. ಇವತ್ತು ಪಂಕ್ತಿಗೆ ಮೊಸರು ನೀನೇ ಬಡಿಸು."

ಕೊಟ್ರೇಶ ಬಡಿಸಿದ. ಮನಸ್ಸೆಲ್ಲ ದುರುಗಪ್ಪನ ಮೇಲೆ, ಕೈ ಧಾರಾಳ. ಕೇಳಿದವರಿಗೂ ಹಾಕಿದ, ಸಾಕೆಂದವರಿಗೂ ಹಾಕಿದ. ಅಡುಗೆಯ ನೀಲಮ್ಮ ಏನೋ ಹೇಳಲು ಬಾಯಿ ತೆರೆದಳು. ಅಜ್ಜಾರು ಕಣ್ಣಲ್ಲೇ ಬೇಡವೆಂದರು.

ಸಂಜೆ ಅಜ್ಜಾರು ಕರೆದರು.

"ಹಾಲು ಕಾದು ಆರೈತೆ. ಹೆಪ್ಪು ಹಾಕು."

ಮೊಸರಿನ ಗಡಿಗೆಯನ್ನು ತೊಳೆದು ಬೋರಲು ಹಾಕಿತ್ತು.

"ಎಲ್ಲಾ ಬಡಿಸಿಬಿಟ್ಟೆ ಅಜ್ಜಾರೇ. ಒಂದು ಚಮಚ ತೆಗೆದಿಡಬೇಕಿತ್ತು."

"ಯಾವಾಗ?"

"ಬಡಿಸಾಕಿಂತ ಮೊದ್ಲೇ."

"ಊಟ ಆದ ಮ್ಯಾಲೆ ತೆಗೆದಿಡಬೌದಿತ್ತಲ್ಲ?"

"ಊಟ ಆದ ಮ್ಯಾಲೆ ಎಲ್ಲಿ ಉಳೀತೈತಿ?"

"ಇಡೀ ಗಡಿಗೇನೇ ತೆಗೆದಿಟ್ಟಿದ್ರೆ?"

"ನಾಕು ದಿನಕ್ಕೆ ಹುಳಿ ಬಂದು ನಾತ ಹೊಡೀತಿತ್ತು. ಉಣ್ಣಾಕೂ ಬರಲ್ಲ, ಹೆಪ್ಪಿಗೂ ಬರಲ್ಲ."

ಕೊಟ್ರೇಶ ಬೋರಲು ಹಾಕಿದ್ದ ಗಡಿಗೆಯನ್ನು ಎತ್ತಿ ನೇರ ಇಟ್ಟ.

"ಇನ್ನು ಮ್ಯಾಲೆ ಯಾರಿಗಾದ್ರೂ ಮಾತು ಕೊಟ್ರೆ ಅವತ್ತೇ ಬ್ಯಾರೆ ತೆಗೆದಿಡ್ತೀನಿ ಅಜ್ಜಾರೇ. ಯಾರು ಅಂದ್ರು, ಯಾರಿಗೆ ಅಂದ್ರು, ಯಾವತ್ತು, ಎಲ್ಲಾ. ಹೂವು ಹೋದ್ರೆ ಹೋಗ್ಲಿ."

"ಹೂಂ."

"ಆದ್ರೆ ದುರುಗಪ್ಪಂದು ಬಡಿಸಿ ಮುಗೀತಲ್ರೀ."

"ಮನಿಯಾಗೆ ಹೆಪ್ಪು ತೀರಿದ್ರೆ ನಿಮ್ಮವ್ವ ಏನು ಮಾಡ್ತಿದ್ಲು?"

"ಬಟ್ಟಲು ಹಿಡ್ಕಂಡು ಪಕ್ಕದ ಮನಿಗೆ ಹೋಗ್ತಿದ್ಲು."

ಅಜ್ಜಾರು ಗೂಡಿನಿಂದ ಒಂದು ಖಾಲಿ ಬಟ್ಟಲು ತೆಗೆದು ಅವನ ಕೈಗಿಟ್ಟರು.

ಮರುದಿನ ಕೊಟ್ರೇಶ ಹೆಬ್ಬೆರಳು ಒತ್ತಿದವರ ಮನೆಮನೆಗೂ ಹೋದ. ಎದುರು ಕೂತು, "ಅಳಿಸಿದ್ದು ನಾನೇ. ನೀವು ಒಪ್ಪಿದ್ದು ಖರೆ. ಈಗ ಇನ್ನೊಮ್ಮೆ ಬಾಯಿಬಿಟ್ಟು ಹೇಳ್ರಿ" ಎಂದ. ನಾಚಿಕೆಯಿಂದ ಮುಖ ಎತ್ತಲಾಗುತ್ತಿರಲಿಲ್ಲ.

ವಿಚಿತ್ರವೆಂದರೆ ಗ್ರೂಪಿನ ಮಾತು ಯಾರಿಗೂ ನೆನಪಿರಲಿಲ್ಲ. ದೋಣಿ ಮಾತ್ರ ಎಲ್ಲರಿಗೂ ನೆನಪಿತ್ತು. ತಾನು ತುಂಬು ಬಸುರಿಯಾಗಿ ತವರಿಗೆ ಹೋಗುವಾಗ ದುರುಗಪ್ಪ ಅಲೆ ತಾಗದಂತೆ ಹುಟ್ಟು ಹಾಕಿದ್ದನ್ನು ನೀಲಮ್ಮ ಹೇಳಿದಳು. ಮೇಷ್ಟ್ರು ಪರೀಕ್ಷೆಯ ದಿನ ಬಂದ ನೆರೆಯಲ್ಲಿ ಹೊಳೆ ದಾಟಿದ ಕಥೆ ತೆಗೆದರು. ಒಂದು ಮಾತು ಕೇಳಲು ಹೋದ ಕೊಟ್ರೇಶ ಪ್ರತಿ ಮನೆಯಲ್ಲೂ ಚಹಾ ಕುಡಿದು ಎದ್ದ.

ಕೊನೆಗೆ ಪಾಲಾಕ್ಷಪ್ಪ.

"ಅಳಿಸಿದವನೇ ಬಂದು ಸಾಕ್ಷಿ ಹೇಳ್ತಿಯಲ್ಲೋ!"

"ಹೌದ್ರಿ. ಬ್ಯಾರೆ ದಾರಿ ಇಲ್ಲ."

ಪಾಲಾಕ್ಷಪ್ಪ ಕಿಟಕಿಯಾಚೆ ಹೊಳೆಯ ಕಡೆ ನೋಡಿದರು. "ನಮ್ಮಪ್ಪನ ಹೆಣ ದವಾಖಾನಿಯಿಂದ ಈ ದಡಕ್ಕೆ ತಂದೋನು ಅವನೇ," ಎಂದರು. "ಹುಟ್ಟಿನ ಸಪ್ಪಳ ಸೈತ ಬರದಂಗೆ ತಂದ." ಕಿಟಕಿಯಿಂದ ತಿರುಗಿ, "ಸ್ನಾನದ ಮನೆ ಬಾವಿ ಕಡಿಗೆ ಕಟ್ಟಿಸ್ತೀನಿ. ಕೋಣೆ ಅವಂದೇ. ಬರಕೋ" ಎಂದರು.

ಕೊಟ್ರೇಶನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲ ಇಳಿಸಿದ, ಹೆಸರು, ತಾರೀಖು ಸಮೇತ. ಪ್ರಿಂಟ್ ತೆಗೆದು ಕಾಗದದಲ್ಲೂ ಒಂದು ಪ್ರತಿ ಇಟ್ಟ. ಆಮೇಲೆ ಅಜ್ಜಾರ ಬಳಿಗೆ ಹೋದ.

"ಎಲ್ಲಾರೂ ಒಪ್ಪಿದ್ರು ಅಜ್ಜಾರೇ. ಪಾಲಾಕ್ಷಪ್ಪನೋರೂ ಒಪ್ಪಿದ್ರು. ಈ ಸಲ ಎರಡು ಕಡೆ ತೆಗೆದಿಟ್ಟೀನಿ. ಇನ್ನು ಅಳಿಸಾಕೆ ಆಗಲ್ಲ."

"ಚಲೋ ಆತು. ದುರುಗಪ್ಪ ಏನಂದ?"

ಕೊಟ್ರೇಶ ತಬ್ಬಿಬ್ಬಾದ. "ಅವನ್ನ ಕೇಳಿಲ್ರಿ. ಅವನು ಗ್ರೂಪಿನಾಗೆ ಇಲ್ಲಲ್ಲ."

"ಮೊದ್ಲು ಹೋಗಿ ಅವನಿಗೆ ಓದಿ ಹೇಳು," ಎಂದರು ಅಜ್ಜಾರು. "ನೀವೆಲ್ಲಾ ಬೆರಳು ಒತ್ತಿದ್ರಿ. ಆ ಮಾತು ನಂಬಿ ದೋಣಿ ಮಾರಿದೋನು ಅವನೊಬ್ಬನೇ."