ಊಟದ ಹೊತ್ತಿನ ಶಹನಾಯಿ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ನೀಲಕಂಠಜ್ಜ ಎಂಬ ಗುರು ಇದ್ದರು. ಒಂದು ಕಾಲದಲ್ಲಿ ಬಹಳ ಚೆನ್ನಾಗಿ ಹಾಡುತ್ತಿದ್ದರಂತೆ. ಈಗ ಬರೀ ಬೇರೆಯವರ ಹಾಡು ಕೇಳುತ್ತಿದ್ದರು. ಹಾಡುವುದಕ್ಕಿಂತ ಅದು ಕಷ್ಟ ಎಂದು ಅವರು ಒಮ್ಮೆ ಅಂದದ್ದನ್ನು ಶಿಷ್ಯರು ವಿನಯ ಎಂದು ತಿಳಿದು ಬಿಟ್ಟುಬಿಟ್ಟಿದ್ದರು.

ಶಿಷ್ಯರಲ್ಲಿ ಮುರಿಗೆಪ್ಪ ಚುರುಕಿನವನು. ಮಠದಲ್ಲಿ ಯಾವ ಕೆಲಸ ಕೆಟ್ಟರೂ ಅದರಲ್ಲಿ ಅವನ ಮುತುವರ್ಜಿ ಇದ್ದೇ ಇರುತ್ತಿತ್ತು.

ವರ್ಷಕ್ಕೊಮ್ಮೆ ಮಠದಲ್ಲಿ ಸಂಗೀತ ನಡೆಯುತ್ತಿತ್ತು. ಹೆಸರಾದವರು ಬಂದು, ಹಾಡಿ, ಶಾಲು ಹೊದ್ದುಕೊಂಡು ಹೋಗುತ್ತಿದ್ದರು.

"ಅಜ್ಜಾರ, ಈ ಸಲ ಹೆಸರಿಲ್ಲದವರನ್ನ ಕರಸೋಣ್ರಿ," ಅಂದ ಮುರಿಗೆಪ್ಪ. "ಸುತ್ತಿನ ಹಳ್ಳ್ಯಾಗ ಭಾಳ ಮಂದಿ ಅದಾರ. ಅವರನ್ನ ಯಾರೂ ಕೇಳಂಗಿಲ್ಲ."

"ಹೆಸರಿಲ್ಲಂದರ, ಮನ್ಯಾಗ ಅವರನ್ನ ಏನಂತ ಕರೀತಾರೋ?"

ಮುರಿಗೆಪ್ಪ ನಕ್ಕ. ಗುರು ನಗಲಿಲ್ಲ.

"ಕರಸು," ಅಂದರು. "ಹಾಡೋದು ಅವರು. ನೀ ಏನು ಮಾಡ್ತಿ?"

"ಮಂದಿ ಕೇಳೂಹಂಗ ಮಾಡ್ತೀನ್ರಿ."

"ಅದು ನಿನಗ ಬರತೈತೇನು?"

"ಅದರಾಗೇನೈತ್ರಿ ಅಜ್ಜಾರ. ಸುಮ್ಮನ ಕುಂದರಸಿದರ ಆತು."

ಗುರು ಸುಮ್ಮನಾದರು. ಅದನ್ನು ಒಪ್ಪಿಗೆ ಎಂದುಕೊಂಡು ಮುರಿಗೆಪ್ಪ ಹೊರಟ.

ಮೊಹರಮ್ಮಿನಲ್ಲಿ ರಿವಾಯತ ಪದ ಹಾಡುವ ಲಾಲಸಾಬನ ಮೇಳ ಸಿಕ್ಕಿತು. ಬೀಸುವ ಪದ ಹಾಡುವ ತಿಪ್ಪವ್ವ ಸಿಕ್ಕಳು. ಅವಳದು ಒಂದೇ ತಕರಾರು.

"ಹಾಡುವಾಗ ಕೈಗೆ ಏನು ಕೆಲಸರೀ?"

"ಕೈಗೇನೂ ಕೆಲಸ ಇಲ್ಲಬೇ. ಆರಾಮ ಕುಂತು ಹಾಡು."

"ಬೀಸೋದು ಬಿಟ್ಟು ಸುಮ್ಮನ ಕುಂತು ಹಾಡಿದರ ಮುದುಕಿಗೆ ಹುಚ್ಚು ಹಿಡೀತು ಅಂತಾರ."

"ಯಾರೂ ಅನ್ನಂಗಿಲ್ಲ," ಎಂದು ಮುರಿಗೆಪ್ಪ ಭರವಸೆ ಕೊಟ್ಟ. ಭರವಸೆ ಕೊಡುವುದು ಅವನಿಗೆ ಸುಲಭ.

ಕೊನೆಗೆ ಶಹನಾಯಿ ಊದುವ ದುರ್ಗಪ್ಪ ಭಜಂತ್ರಿಯ ಮನೆಗೆ ಹೋದ. ದುರ್ಗಪ್ಪ ಅಂಗಳದಲ್ಲಿ ಕೂತು ಮುಂದಿನ ಹಲ್ಲನ್ನು ನಾಲಿಗೆಯಿಂದ ಅಲ್ಲಾಡಿಸಿ ನೋಡುತ್ತಿದ್ದ.

"ನಿಮ್ಮನ್ನ ಯಾರೂ ಕೇಳಿಲ್ಲ. ಅದಕ್ಕ ಕರಿಯಾಕ ಬಂದೀನಿ," ಅಂದ ಮುರಿಗೆಪ್ಪ.

"ಯಾರಂದರ ಸ್ವಾಮ್ಯಾರ? ಈ ಸೀಮ್ಯಾಗ ನನ್ನ ಶಹನಾಯಿ ಇಲ್ಲದ ಲಗ್ನ ಆಗಿಲ್ಲ. ಎಲ್ಲಾರೂ ಕೇಳ್ಯಾರ."

ಮುರಿಗೆಪ್ಪ ಅವನೆದುರು ನೆಲದ ಮೇಲೆ ಕೂತ.

"ಕೇಳುವಾಗ ಎಲ್ಲಾರ ಬಾಯಾಗೂ ಬುಂದೆ ಇತ್ತು, ಅದು ಖರೆ," ಅಂದ ದುರ್ಗಪ್ಪ.

ಹಲ್ಲನ್ನು ಮತ್ತೊಮ್ಮೆ ಅಲ್ಲಾಡಿಸಿ ನೋಡಿ ಹೇಳಿದ: "ನಮ್ಮಪ್ಪ ಒಂದು ರಾಗ ಕಲಸ್ಯಾನ್ರಿ. ಕೆಳಗಿನಿಂದ ಏರಕೋತ ಹೋಗತೈತಿ. ಮ್ಯಾಲ ಮುಟ್ಟೂ ಹೊತ್ತಿಗೆ ಯಾರರ ಹಿರ್ಯಾರು ಕೈ ಎತ್ತತಾರ. ಅಕ್ಕಿಕಾಳು ಹಾಕಬೇಕು, ನಿಲ್ಲಸೋ ಅಂತ. ಲಗ್ನದಾಗ ಕೈ ಎದ್ದಿತು ಅಂದರ ಶಹನಾಯಿ ಕೆಳಗ ಇಳೀಬೇಕು. ಅದನ್ನ ಒಮ್ಮೆನೂ ಕೊನೀತನಕ ಊದಿಲ್ರಿ ನಾ."

"ನಮ್ಮ ಮಠದಾಗ ಊದ್ರಿ."

"ಕಾರ್ಯಕ್ರಮ ಲಗೂನ ಇಟ್ಟಕೋರಿ. ಮುಂದಿನ ಹಲ್ಲು ಕೀಳಬೇಕಂತ ಡಾಕ್ಟರು ಹೇಳ್ಯಾರ. ಹಲ್ಲು ಹೋದರ ಉಸಿರು ನಿಲ್ಲಂಗಿಲ್ಲ, ಸೋರತೈತಿ."

"ನನ್ನ ಮಾತು. ಕೊನೀತನಕ ಊದತೀರಿ. ಮಠದಾಗ ಒಂದು ಸೂಜಿ ಬಿದ್ದರೂ ಕೇಳಬೇಕು, ಹಂಗ ನೋಡ್ಕೋತೀನಿ."

ಸಂಗೀತದ ದಿನ ಬಂತು. ಮಠದ ಪಡಸಾಲೆಯಲ್ಲಿ ಬಟ್ಟೆಯ ಮೇಲೆ ದೊಡ್ಡದಾಗಿ ಬರೆಸಿ ಕಟ್ಟಿದ್ದರು: ಎಲೆಮರೆಯ ಕಾಯಿಗಳ ಸಂಗೀತೋತ್ಸವ.

ಲಾಲಸಾಬ ಅದನ್ನು ಓದಿಸಿಕೊಂಡು ಕೇಳಿದ. "ನಾವು ಯಾವ ಕಾಯಿರೀ? ಬದನೀಕಾಯೋ, ಹೀರೀಕಾಯೋ?"

"ಅದು ಗೌರವದ ಮಾತು, ಸಾಬರ," ಅಂದ ಮುರಿಗೆಪ್ಪ.

"ಗೌರವ ಅಂದರ ಹೀರೀಕಾಯಿ ಇರಬೇಕು," ಎಂದು ಲಾಲಸಾಬ ತನ್ನ ಮೇಳದವರಿಗೆ ತಿಳಿಸಿದ.

ಜನ ಸೇರಿದರು. ಗುರು ಅಡುಗೆಮನೆಯ ಬಾಗಿಲ ಬಳಿ ಒಂದು ಮಣೆ ಹಾಕಿಸಿಕೊಂಡು ಕೂತರು. ಮುರಿಗೆಪ್ಪ ವೇದಿಕೆಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ನಿಂತ. ಯಾರಾದರೂ ಪಿಸುಗುಟ್ಟಿದರೆ ಕೈ ಎತ್ತುತ್ತಿದ್ದ. ಯಾರಾದರೂ ಎದ್ದರೆ ಕೈ ಎತ್ತುತ್ತಿದ್ದ. ಹೀಗೆ ಜನರನ್ನು ಕಾಯುತ್ತಾ ನಿಂತವನಿಗೆ ಲಾಲಸಾಬ ಏನು ಹಾಡಿದ ಎಂಬುದು ಗೊತ್ತಾಗಲಿಲ್ಲ. ಲಾಲಸಾಬನೂ ಅವನ ಕಡೆ ನೋಡಲಿಲ್ಲ, ಹಾಗಾಗಿ ಹಾಡು ಸುಸೂತ್ರವಾಗಿ ಮುಗಿಯಿತು.

ಮುಂದೆ ದುರ್ಗಪ್ಪ. ವೇದಿಕೆಯ ನಡುವೆ, ಮೆತ್ತನೆಯ ಗಾದಿಯ ಮೇಲೆ ಅಳುಕುತ್ತಾ ಕೂತ. ಶಹನಾಯಿ ಎತ್ತಿದ. ಕೆಳಗಿನ ಸ್ವರ ಮೆಲ್ಲಗೆ ಹೊರಟಿತು.

ಹಿಂದಿನ ಸಾಲಿನಲ್ಲಿ ಯಾರೋ ಕೂಸನ್ನು ರಮಿಸಿದರು. ಮುರಿಗೆಪ್ಪ ಕೈ ಎತ್ತಿದ.

ಶಹನಾಯಿ ನಿಂತಿತು. ದುರ್ಗಪ್ಪ ಅದನ್ನು ಕೆಳಗಿಳಿಸಿ ತಲೆ ಬಾಗಿಸಿದ.

"ಊದ್ರಿ, ಊದ್ರಿ," ಅಂದ ಮುರಿಗೆಪ್ಪ.

ಮತ್ತೆ ಶುರುವಾಯಿತು. ರಾಗ ಏರತೊಡಗಿತು. ಯಾರೋ ಕೆಮ್ಮಿದರು. ಮುರಿಗೆಪ್ಪನ ಕೈ ಎದ್ದಿತು. ಶಹನಾಯಿ ಇಳಿಯಿತು.

"ಯಾಕ ನಿಲ್ಲಸ್ತೀರಿ?"

"ಅಲ್ರಿ, ತಾವೇ..." ಎಂದ ದುರ್ಗಪ್ಪ, ಮಾತು ನುಂಗಿದ. ಹಿರಿಯರ ಕೈಗೆ ಎದುರು ಮಾತು ಅವನ ಕಸುಬಿನಲ್ಲಿ ಇರಲಿಲ್ಲ.

ಈಗ ಪಡಸಾಲೆ ಪೂರ್ತಿ ಸ್ತಬ್ಧವಾಯಿತು. ಮುರಿಗೆಪ್ಪ ಮಾತು ಕೊಟ್ಟ ಹಾಗೆ ಸೂಜಿ ಬಿದ್ದರೂ ಕೇಳುವಂತಿತ್ತು. ದುರ್ಗಪ್ಪ ಅಷ್ಟು ಜನ ಬಾಯಿ ಮುಚ್ಚಿ ತನ್ನನ್ನೇ ನೋಡುವುದನ್ನು ಜೀವಮಾನದಲ್ಲಿ ಕಂಡಿರಲಿಲ್ಲ. ಲಗ್ನದ ಮನೆಯಲ್ಲಿ ಹೀಗಾದರೆ ಏನೋ ಅನಾಹುತ ಆಗಿದೆ ಎಂದೇ ಅರ್ಥ. ಕೈಮುಗಿದು ಎದ್ದ, ಕೆಳಗೆ ಇಳಿದು ಶಹನಾಯಿಗೆ ಅರಿವೆ ಸುತ್ತತೊಡಗಿದ.

ಮುರಿಗೆಪ್ಪ ಗುರುವಿನ ಹತ್ತಿರ ಓಡಿದ.

"ಅಜ್ಜಾರ, ದುರ್ಗಪ್ಪ ಊದವಲ್ಲ."

"ಯಾರು ನಿಲ್ಲಿಸಿದರು?"

"ಯಾರೂ ಇಲ್ರಿ. ಅವರೇ ನಿಂತರು. ನಾ ಮಂದೀನ್ನ ಎಷ್ಟು ಸುಮ್ಮನ..."

ಗುರು ಕೈ ಎತ್ತಿದರು. ಮುರಿಗೆಪ್ಪನ ಮಾತು ಅಲ್ಲೇ ನಿಂತಿತು.

"ಯಾಕ ನಿಂತಿ?"

"ತಾವು ಕೈ ಎತ್ತಿದ್ರಿ."

"ರಟ್ಟಿ ನೋಯಾಕತ್ತಿತ್ತು. ಎತ್ತಿದೆ."

ಮುರಿಗೆಪ್ಪ ಗುರುವಿನ ಕೈ ನೋಡಿದ. ಆಮೇಲೆ ತನ್ನ ಕೈ ನೋಡಿಕೊಂಡ. ಅಂಗಳದಲ್ಲಿ ಕೂತು ದುರ್ಗಪ್ಪ ಹೇಳಿದ್ದೆಲ್ಲ ನೆನಪಾಯಿತು.

"ಈಗ ಏನು ಮಾಡಲ್ರಿ? ಅವರ ಹಲ್ಲು ಮುಂದಿನ ವಾರ ಕೀಳತಾರ. ನಾ ಮಾತು ಕೊಟ್ಟೀನಿ."

"ಎಲಿ ಹಾಕಸು."

"ಸಂಗೀತ ಮುಗಿಯೂ ಮೊದಲ ಊಟ ಏನ್ರಿ? ಉಣ್ಣುವಾಗ ಯಾರು ಕೇಳತಾರ?"

"ನೀ ಬಡಸು," ಅಂದರು ಗುರು. ಗೋಧಿ ಹುಗ್ಗಿಯ ಬಕೆಟ್ಟನ್ನು ಎತ್ತಿ ಅವನ ಎಡಗೈಗೆ ಕೊಟ್ಟರು. ಸೌಟನ್ನು ಬಲಗೈಗೆ ಕೊಟ್ಟರು. "ಎರಡನ್ನೂ ಬಿಡಬ್ಯಾಡ."

ಆಮೇಲೆ ಎದ್ದು ದುರ್ಗಪ್ಪನ ಹತ್ತಿರ ಹೋದರು.

"ಲಗ್ನದಾಗ ನೀ ಎಲ್ಲಿ ಕುಂದರತಿ?"

"ಬಾಗಲ ಸನೇಕ್ರಿ ಅಜ್ಜಾರ. ಚಪ್ಪಲಿ ಬಿಡೂ ಕಡೆ."

"ಹಂಗಾರ ನಡಿ, ಇಬ್ಬರೂ ಅಲ್ಲೇ ಕುಂದರೂಣು."

ದುರ್ಗಪ್ಪ ಬೇಡ ಬೇಡ ಅನ್ನುತ್ತಿದ್ದಂತೆ ಗುರು ಚಪ್ಪಲಿಗಳನ್ನು ಸರಿಸಿ, ಅವನ ಎದುರಿಗೆ ನೆಲದ ಮೇಲೆ ಕೂತರು. ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ಎಲೆ ಬಿದ್ದವು. ಜನರಿಗೆ ಜೀವ ಬಂತು. ಯಾರೋ ಉಪ್ಪು ಕೇಳಿದರು, ಯಾರೋ ಸೊಸೆಯನ್ನು ಬೈದರು, ಕೂಸು ಅತ್ತಿತು. ಆ ಗದ್ದಲ ಕಿವಿಗೆ ಬಿದ್ದದ್ದೇ ದುರ್ಗಪ್ಪನ ಹೆಗಲು ಸಡಿಲಾಯಿತು. ಅರಿವೆ ಬಿಚ್ಚಿದ. ಕಣ್ಣು ಮುಚ್ಚಿದ.

ಶಹನಾಯಿ ಕೆಳಗಿನಿಂದ ಹೊರಟಿತು.

ಮುರಿಗೆಪ್ಪ ಬಡಿಸುತ್ತಾ ಹೋದ. ಕೂಸು ಮತ್ತೆ ಅತ್ತಾಗ ಅವನ ಬಲಗೈ ತಾನಾಗಿ ಏಳಹೋಯಿತು. ಸೌಟಿನಿಂದ ಹುಗ್ಗಿ ತೊಟ್ಟಿಕ್ಕಿತು. ಕೈ ಇಳಿಸಿದ. ಜನರನ್ನು ಕಾಯಲು ಕೈ ಇಲ್ಲದ ಮೇಲೆ ಕಿವಿಯೊಂದೇ ಉಳಿಯಿತು. ಬೆಳಗಿನಿಂದ ಮೊದಲ ಸಲ ಅವನಿಗೆ ಸಂಗೀತ ಕೇಳಿಸಿತು.

ರಾಗ ಏರುತ್ತಿತ್ತು. ಈಗ ಯಾವುದೇ ಲಗ್ನದಲ್ಲಾದರೂ ಅದು ನಿಲ್ಲುವ ಹೊತ್ತು. ದುರ್ಗಪ್ಪ ಅಭ್ಯಾಸದಂತೆ ಕಣ್ಣು ತೆರೆದ.

ಸಾಲಿನ ತುದಿಯಲ್ಲಿ ಊರ ಗೌಡರು ಕೂತಿದ್ದರು. ಸುತ್ತಿನ ಲಗ್ನಗಳಲ್ಲಿ ದುರ್ಗಪ್ಪನಿಗೆ ಕೈ ಎತ್ತಿ ಎತ್ತಿ ಹೆಸರಾದವರು. ಸಾಲಿನಲ್ಲಿ ಮುರಿಗೆಪ್ಪ ಬಡಿಸುತ್ತಾ ಬರುತ್ತಿದ್ದಂತೆ, ಹುಗ್ಗಿ ಸಾಕು ಎನ್ನುವುದಕ್ಕೆ ಅವರ ಎಡಗೈ ಎಲೆಯ ಪಕ್ಕದಿಂದ ಮೇಲೇಳತೊಡಗಿತು.

ಮುರಿಗೆಪ್ಪ ಹಾರಿದಂತೆ ಹೋಗಿ ಅವರ ಎಲೆಗೆ ತುಂಬಿದ ಸೌಟು ಸುರಿದ. ಮತ್ತೊಂದು ಸುರಿದ. ಗೌಡರ ಕೈ ಹುಗ್ಗಿ ಹರಿಯದಂತೆ ಎಲೆಗೆ ಅಡ್ಡ ಕಟ್ಟಲು ಕೆಳಗೆ ಹೋಯಿತು.

"ಏ, ಏನೋ ಇದು?"

"ಪ್ರಸಾದ್ರಿ, ಗೌಡ್ರ," ಅಂದ ಮುರಿಗೆಪ್ಪ ಪಿಸುಮಾತಿನಲ್ಲಿ.

ದುರ್ಗಪ್ಪ ಗುರುವಿನ ಕಡೆ ನೋಡಿದ. ಗುರುವಿನ ಕೈಗಳು ತೊಡೆಯ ಕೆಳಗೇ ಇದ್ದವು. ದುರ್ಗಪ್ಪ ಕಣ್ಣು ಮುಚ್ಚಿಕೊಂಡು, ರಾಗ ಯಾವಾಗಲೂ ನಿಲ್ಲುವ ಜಾಗವನ್ನು ದಾಟಿದ.

ಅಲ್ಲಿಂದ ಮುಂದಿನದನ್ನು ಆ ಊರಲ್ಲಿ ಯಾರೂ ಕೇಳಿರಲಿಲ್ಲ. ಸೊಸೆಯನ್ನು ಬೈಯುತ್ತಿದ್ದವಳು ಮಾತು ಮರೆತಳು. ತುತ್ತು ಹಿಡಿದ ಕೈಗಳು ಎಲೆಗೂ ಬಾಯಿಗೂ ನಡುವೆ ಉಳಿದವು. ಯಾರೂ ಅವರಿಗೆ ಸುಮ್ಮನಿರಿ ಅಂದಿರಲಿಲ್ಲ. ಕೂಸು ಮಾತ್ರ ತನ್ನ ಪಾಡಿಗೆ ಗೊಣಗುತ್ತಿತ್ತು, ಶಹನಾಯಿ ಅದನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಮೇಲೆ ಮುಟ್ಟಿತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಮೆಲ್ಲಗೆ ಇಳಿದು ಬಂದು ಹೊರಟ ಜಾಗದಲ್ಲೇ ಮುಗಿಯಿತು.

ಚಪ್ಪಾಳೆ ಬೀಳಲಿಲ್ಲ. ಎಲ್ಲರ ಕೈಗೂ ಹುಗ್ಗಿ ಮೆತ್ತಿತ್ತು.

"ಮುಗೀತ್ರಿ ಅಜ್ಜಾರ," ಅಂದ ದುರ್ಗಪ್ಪ, ಬೇರೆ ಯಾರೋ ಊದಿದ್ದನ್ನು ಕೇಳಿದವನಂತೆ. "ಹಿಂಗ ಮುಗೀತೈತಿ ನೋಡ್ರಿ ಅದು."

ಗುರು ಅವನ ಕೈ ಹಿಡಿದುಕೊಂಡು ಹೋಗಿ, ಗೌಡರ ಪಕ್ಕದ ಎಲೆಗೆ ಕೂರಿಸಿದರು. ಮುರಿಗೆಪ್ಪ ಬಡಿಸಿದ.

ಊಟ ಮುಗಿಯಿತು. ಜನ ಕೈ ತೊಳೆದು ಬಂದು ಮತ್ತೆ ಕೂತರು. ಪಡಸಾಲೆಯ ನಡುವೆ ಯಾರೋ ಅಡುಗೆಮನೆಯ ಬೀಸುವ ಕಲ್ಲನ್ನು ಉರುಳಿಸಿಕೊಂಡು ಬಂದು ಇಟ್ಟಿದ್ದರು. ಪಕ್ಕದಲ್ಲಿ ಒಂದು ಮೊರ ಜೋಳ. ತಿಪ್ಪವ್ವ ಸೆರಗು ಸಿಕ್ಕಿಸಿ ಅದರ ಮುಂದೆ ಕೂರುತ್ತಿದ್ದಳು.

ಮುರಿಗೆಪ್ಪ ಉತ್ಸಾಹದಿಂದ ಗುರುವಿನ ಬಳಿ ಬಂದ.

"ತಿಳೀತ್ರಿ ಅಜ್ಜಾರ. ಮುಂದಿನ ವರ್ಷ ಎಲ್ಲಾರಿಗೂ ಊಟದ ಹೊತ್ತಿನಾಗ ಹಾಡಸೋಣ್ರಿ."

ಹಾಗೆನ್ನುತ್ತಲೇ ಅವನು ಬಕೆಟ್ಟನ್ನು ಸೌಟಿನ ಸಮೇತ ನೆಲಕ್ಕೆ ಇಡಲು ಬಗ್ಗಿದ.

"ಅದನ್ನ ಯಾಕ ಇಡತಿ?"

"ಖಾಲಿ ಆಗೇತ್ರಿ."

"ಇರಲಿ, ಹಿಡಕೊಂಡು ನಿಲ್ಲು," ಅಂದರು ಗುರು. "ತಿಪ್ಪವ್ವ ಹಾಡೋದು ಇನ್ನೂ ಐತಿ."