ಕಿಟಕಿ ಪಕ್ಕದ ಕೂಜ

ಅಟ್ಟದ ಮೇಲಿನ ಸೂಟ್‌ಕೇಸಿನ ಬಡಾಯಿ ಕೇಳಿ ಕೇಳಿ ಹಿತ್ತಾಳೆಯ ನೀರಿನ ಕೂಜಕ್ಕೆ ಸಾಕಾಗಿತ್ತು.

"ಹದಿನೇಳು ಸಲ ವಿಮಾನ ಹತ್ತಿದ್ದೇನೆ, ಮೈಮೇಲಿನ ಚೀಟಿ ನೋಡು!" ಎಂದಿತು ಸೂಟ್‌ಕೇಸು.

"ನಾನು ಹಡಗಿನಲ್ಲಿ ಆಫ್ರಿಕಾಕ್ಕೇ ಹೋಗಿಬಂದಿದ್ದೇನೆ," ಎಂದಿತು ಪಕ್ಕದಲ್ಲಿದ್ದ ಟ್ರಂಕು.

"ಸರಿ ಸ್ವಾಮಿ, ಮೋಡ ಹೇಗಿತ್ತು? ಕಡಲು ಹೇಗಿತ್ತು?" ಕೂಜ ಕೇಳಿತು.

ಎರಡೂ ಅವನ್ನು ನೋಡಿಯೇ ಇರಲಿಲ್ಲ. ಒಂದು ವಿಮಾನದ ಹೊಟ್ಟೆಯಲ್ಲಿ, ಇನ್ನೊಂದು ಹಡಗಿನ ತಳದಲ್ಲಿ, ದಾರಿಯುದ್ದಕ್ಕೂ ಕತ್ತಲಲ್ಲೇ ಬಿದ್ದಿದ್ದವು.

"ನಾನು ಹೋಗಿದ್ದು ಒಂದೇ ಸಲ, ಕಾಶಿಗೆ, ರೈಲಿನಲ್ಲಿ. ಆದರೆ ಯಜಮಾನರ ಪಕ್ಕ, ಕಿಟಕಿಗೆ ಒರಗಿ ಕೂತಿದ್ದೆ. ಇಟಾರ್ಸಿ ಸ್ಟೇಷನ್ನಿನಲ್ಲಿ ಎದುರು ಸೀಟಿನ ತಾಯಿ ಹಾಲು ತರಲು ಇಳಿದಳು, ರೈಲು ಹೊರಟೇಬಿಟ್ಟಿತು. ಅವಳ ಮಗು ನನ್ನ ಮುಚ್ಚಳದಲ್ಲಿ ನೀರು ಕುಡಿಯುತ್ತ ಬಾಗಿಲನ್ನೇ ನೋಡುತ್ತಿತ್ತು."

ಕೂಜ ಅಷ್ಟಕ್ಕೇ ನಿಲ್ಲಿಸಿತು.

ಸೂಟ್‌ಕೇಸು ತನ್ನ ಚೀಟಿಗಳನ್ನು ಮರೆತು ಹತ್ತಿರ ಸರಿಯಿತು. "ಆಮೇಲೆ? ತಾಯಿ ಸಿಕ್ಕಳಾ?"