ತಿಪ್ಪೆಯ ಕೀರ್ತಿ

ಸಗಣಿಯ ತಿಪ್ಪೆಯೊಂದು ಮುಂಜಾನೆ ಹಬೆಯಾಡುತ್ತ ನುಡಿಯಿತು: "ನೋಡಿದೆಯಾ ಹುಲ್ಲಣ್ಣ, ನನ್ನ ವಾಸನೆ ಆಚೆ ಊರನ್ನೂ ಮುಟ್ಟಿದೆ. ಎಂಥ ಕೀರ್ತಿ!"

"ಮಹಾರಾಯ, ಗಾಳಿಗೆ ಹಾರುತ್ತಿರುವುದು ನಿನ್ನ ಕೀರ್ತಿಯಲ್ಲ, ಸತ್ವ," ಎಂದಿತು ಪಕ್ಕದ ಒಣಹುಲ್ಲು.

ಬದುವಿನಾಚೆಯ ಸೊರಗಿದ ಹೊಲ ಮೆಲ್ಲನೆ ಕೇಳಿತು: "ಹಾಗಾದರೆ ಬಿತ್ತನೆಯ ಕಾಲಕ್ಕೆ ನನಗೇನು ಉಳಿದೀತು?"

ತಿಪ್ಪೆ ದನಿ ತಗ್ಗಿಸಿ, "ಹುಲ್ಲಣ್ಣ, ನನ್ನನ್ನು ಮುಚ್ಚಿಬಿಡು," ಎಂದಿತು.

"ಮುಚ್ಚಿದರೆ ನಾನೂ ನಿನ್ನೊಡನೆ ಕೊಳೆಯಬೇಕಲ್ಲ!"

"ಹೌದು, ಕೊಳೆಯಬೇಕು."

ಹುಲ್ಲು ಹೊಲದತ್ತ ಒಮ್ಮೆ ನೋಡಿ, ತಿಪ್ಪೆಯ ಮೇಲೆ ದಟ್ಟವಾಗಿ ಹರಡಿಕೊಂಡಿತು. ವಾಸನೆ ಅಡಗಿತು. ಒಳಗೆ ಜ್ವಾಲೆಯಿಲ್ಲದ ಬೆಂಕಿಯೊಂದು ಸದ್ದಿಲ್ಲದೆ ಉರಿದು, ಸಗಣಿಯನ್ನೂ ಹುಲ್ಲನ್ನೂ ಒಂದೇ ಕಪ್ಪು ಗೊಬ್ಬರವಾಗಿ ಮಾಗಿಸಿತು.

ಮುಂಗಾರಿನಲ್ಲಿ ಆ ಗೊಬ್ಬರವುಂಡ ಹೊಲದಿಂದ ರಾಗಿ ಕಡುಹಸಿರಾಗಿ ಎದ್ದುನಿಂತಾಗ, ದಾರಿಹೋಕರು ಚಪ್ಪಲಿ ಕಳಚಿ, ಬದುವಿನ ಮೇಲೆ ನಿಂತುಬಿಟ್ಟರು.